ಏಳನೇ ಕ್ಲಾಸಿನ ಆಹಾರ ಮಂತ್ರಿ

ಮಂತ್ರಿಗಳು ಈಗ ಏಳನೇ ಕ್ಲಾಸು. ಖಾತೆ, ಆಹಾರ.

ತಿಪಟೂರಿಗೆ ಹತ್ತಿರದ ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಜೂನ್ ತಿಂಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯಿತು. ಮತಯಂತ್ರವೆಂದರೆ ಮೇಷ್ಟ್ರ ಮೊಬೈಲು. ಚಿಹ್ನೆ ಒತ್ತಿದರೆ ಕುಂಯ್ ಅನ್ನುವ ಆ್ಯಪು. ಬೆರಳಿಗೆ ಮಾರ್ಕರ್ ಪೆನ್ನಿನ ಶಾಯಿ. ಶಬ್ದ ಚೆನ್ನಾಗಿದೆಯೆಂದು ಮೂರನೇ ಕ್ಲಾಸಿನ ಕೆಲವರು ಎರಡೆರಡು ಸಲ ಒತ್ತಲು ಹೋಗಿ ಸಣ್ಣ ಗಲಾಟೆಯಾದದ್ದು ಬಿಟ್ಟರೆ ಮತದಾನ ಶಾಂತಿಯುತವಾಗಿತ್ತು. ಗೆದ್ದು, ಪ್ರಾರ್ಥನೆಯ ಸಾಲಿನ ಮುಂದೆ ಕೈ ಮುಂದೆ ಚಾಚಿ ಪ್ರಮಾಣವಚನ ಸ್ವೀಕರಿಸಿ ಮನೆಗೆ ಬಂದವರನ್ನು ಅಂದಿನಿಂದ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆದಿಲ್ಲ. "ಮಂತ್ರಿಗಳೇ, ನೀರು ಕಾದು ಆರ್ತಾ ಇದೆ, ಮೊದಲು ಮೈ ತೊಳ್ಕೊಳಿ" ಎಂದು ಅವರಜ್ಜಿ ಕೂಗುವುದು ನಮ್ಮ ಮನೆಗೂ ಕೇಳಿಸುತ್ತದೆ. ಏಕವಚನದಲ್ಲಿ ಮಾತಾಡಿಸುವವಳು ಅವರಕ್ಕ ಒಬ್ಬಳೇ. ಅವಳು ಹತ್ತನೇ ಕ್ಲಾಸು, ವಿರೋಧ ಪಕ್ಷ.

ಎಲ್ಲರೂ ಕ್ರೀಡಾ ಖಾತೆಗೆ ಮುಗಿಬಿದ್ದಿರುವಾಗ ಇವರು ಆಹಾರವನ್ನೇ ಕೇಳಿ ಪಡೆದದ್ದು ಯಾಕೆಂದು ವಿಚಾರಿಸಿದೆ.

"ಏನಪ್ಪಾ ಅಂದ್ರೆ ಮಾಮ, ಕ್ರೀಡೆಗೆ ಕೈ ಹಾಕಿದ್ರೆ ಹೆಸರು ಕೆಡುತ್ತೆ. ಕೇರಂ ಬೋರ್ಡ್ ಇದೆ, ಸ್ಟ್ರೈಕರ್ ಎರಡಿದೆ, ಕಾಯಿ ಒಂದೂ ಇಲ್ಲ. ಸ್ವಚ್ಛತೆ ಯಾರಿಗೂ ಬೇಡ, ಅವತ್ತು ಯಾರು ಶಾಲೆಗೆ ಬಂದಿರಲ್ವೋ ಅವರ ಹೆಸರು ಬರೀತಾರೆ. ಆಹಾರ ಅಂದ್ರೆ ದಿನಾ ಮಧ್ಯಾಹ್ನ ಗ್ಯಾರಂಟಿ ಕೆಲಸ."

ಈ ಬಗೆಯ ಮಕ್ಕಳನ್ನು ನೀವೂ ನೋಡಿರುತ್ತೀರಿ. ಕೈ ಎರಡನ್ನೂ ಹಿಂದೆ ಕಟ್ಟಿಕೊಂಡು ನಡೆಯುತ್ತವೆ. ಒಳಗೆ ಬಾ ಎಂದರೆ ಬರುವುದಿಲ್ಲ, ಗೇಟಿಗೆ ಒರಗಿ ನಿಂತೇ ಅರ್ಧ ಗಂಟೆ ಮಾತಾಡುತ್ತವೆ. ಓರಗೆಯ ಹುಡುಗರಲ್ಲಿ ಸ್ನೇಹಿತರು ಕಡಿಮೆ. ಕಟಿಂಗ್ ಶಾಪಿನವನು, ಅಡುಗೆ ಅಕ್ಕ, ರಿಟೈರಾದ ಪೋಸ್ಟ್‌ಮ್ಯಾನು, ಕೊಬ್ಬರಿ ಮಂಡಿಯ ಗುಮಾಸ್ತ, ಇಂಥವರ ಸಹವಾಸವೇ ಹೆಚ್ಚು. ಟಿ.ವಿ. ಚರ್ಚೆ ನೋಡಿ "ಒಂದ್ನಿಮಿಷ, ನಾನು ಮುಗಿಸ್ತೀನಿ" ಅನ್ನುವುದನ್ನು ಕಲಿತಿರುತ್ತವೆ, ಮುಗಿಸುವುದನ್ನು ಕಲಿತಿರುವುದಿಲ್ಲ. ಹೆತ್ತವರಿಗೆ ಇಂಥ ಮಕ್ಕಳು ಹೆಮ್ಮೆಯೂ ಹೌದು, ನೆಂಟರ ಮನೆಗೆ ಕರೆದುಕೊಂಡು ಹೋಗುವಾಗ ಭಯವೂ ಹೌದು. ಮಂತ್ರಿಗಳು ಒಂದು ಮದುವೆಮನೆಯಲ್ಲಿ ಪಂಕ್ತಿಯ ನಡುವೆ ಎದ್ದು ನಿಂತು "ಸಾರು ಆ ಕಡೆ ಸಾಲಿಗೆ ಎರಡು ಸಲ ಹೋಯ್ತು, ಈ ಕಡೆಗೆ ಒಂದೇ" ಎಂದು ಬಡಿಸುವವರನ್ನು ತಡೆದದ್ದು ಇನ್ನೂ ಊರಿನವರ ಬಾಯಲ್ಲಿದೆ. ಹೇಳಿದ್ದು ಸುಳ್ಳೇನಲ್ಲ. ಅವರು ಹೇಳುವುದು ಸಾಮಾನ್ಯವಾಗಿ ಸುಳ್ಳಿರುವುದಿಲ್ಲ, ತೊಂದರೆಯೇ ಅದು.

ಆಹಾರ ಖಾತೆಗೆ ಬರೋಣ. ಇಲ್ಲಿ ಮಂತ್ರಿಗಳ ಜ್ಞಾನದ ಮುಂದೆ ನಿಲ್ಲುವವರನ್ನು ನಾನು ಕಂಡಿಲ್ಲ. ಕ್ಷೀರಭಾಗ್ಯ ಶುರುವಾದದ್ದು 2013ರಲ್ಲಿ, ಅಂದರೆ ಹೆಚ್ಚುಕಡಿಮೆ ಮಂತ್ರಿಗಳ ಓರಗೆಯ ಯೋಜನೆ. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, ಕದಡಿದರೆ 150 ಎಂ.ಎಲ್. ಹಾಲು. ಇಷ್ಟು ಲೆಕ್ಕ ಯಾವ ಅಧಿಕಾರಿಯಾದರೂ ಹೇಳಿಯಾನು. ಗಂಟಿನ ವಿಷಯ ಹೇಳಬೇಕಾದರೆ ಮಂತ್ರಿಗಳೇ ಬೇಕು.

"ಕುದಿಯೋ ನೀರಿಗೆ ಪುಡಿ ಸುರಿದ್ರೆ ಗಂಟಾಗುತ್ತೆ ಮಾಮ. ಮೇಲೆ ನೋಡಕ್ಕೆ ಹಾಲು, ಒಳಗೆ ಗೋಲಿ. ಅದು ಲೋಟಕ್ಕೆ ಬಿತ್ತು ಅಂದ್ರೆ ಮೇಲ್ಗಡೆ ಹಿಟ್ಟು, ಒಳಗಡೆ ಒಣ ಪುಡಿ, ಗಂಟಲಲ್ಲಿ ಹೋಗಿ ಕೂತ್ಕೊಳುತ್ತೆ. ಮೊದಲು ಉಗುರುಬೆಚ್ಚಗಿನ ನೀರು ಸ್ವಲ್ಪ ತಗೋಬೇಕು, ಪುಡಿ ಹಾಕಿ ಕಡೆಗೋಲಲ್ಲಿ ತಿರುವಬೇಕು, ನಮ್ಮಜ್ಜಿ ಮೊಸರು ಕಡಿಯೋ ಥರ. ಆಮೇಲೆ ದೊಡ್ಡ ಪಾತ್ರೆಗೆ. ದೊಡ್ಡಕ್ಕ ಅಡುಗೆ ಮಾಡೋ ದಿನ ಗಂಟಿರಲ್ಲ. ಚಿಕ್ಕಕ್ಕನಿಗೆ ಅವಸರ, ಅವರಿಗೆ ಬಸ್ಸಿಗೆ ಹೋಗ್ಬೇಕು."

ಇದನ್ನು ಮಂತ್ರಿಗಳು ನನಗೆ ಹೇಳಿದ್ದರೆ ಪರವಾಗಿರಲಿಲ್ಲ. ಚಿಕ್ಕಕ್ಕನಿಗೇ ಹೇಳಿದರು. ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ಕೈ ಹಿಂದೆ ಕಟ್ಟಿಕೊಂಡು. ಆಕೆ ಸೌಟು ಹಿಡಿದೇ ಹೊರಗೆ ಬಂದು, "ಬನ್ನಿ ಮಂತ್ರಿಗಳೇ, ನೀವೇ ಕಾಯಿಸಿ, ನಾನು ಹೋಗಿ ನಿಮ್ಮ ಲೆಕ್ಕದ ಪಾಠ ಕೇಳ್ತೀನಿ" ಅಂದಳಂತೆ. ಮಂತ್ರಿಗಳು ಇದನ್ನು ಅವಮಾನವೆಂದು ತಿಳಿಯಲಿಲ್ಲ. ಸಲಹೆ ಪರಿಶೀಲನೆಯಲ್ಲಿದೆ ಎಂದು ತಿಳಿದರು. ಮಾರನೇ ವಾರದಿಂದ ಗಂಟು ನಿಂತಿತು ಎನ್ನುವುದು ಮಂತ್ರಿಗಳ ಹೇಳಿಕೆ; ಚಿಕ್ಕಕ್ಕನ ಪ್ರಕಾರ ಗಂಟು ಯಾವತ್ತೂ ಇರಲೇ ಇಲ್ಲ.

ಊಟ ಬಡಿಸುವ ಮೊದಲು ಮೇಷ್ಟ್ರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬ ನಿಯಮ ಶಾಲೆಗಳಲ್ಲಿದೆ. ಒಳ್ಳೆಯ ನಿಯಮ. ಮಂತ್ರಿಗಳಿಗೆ ಇಲ್ಲೊಂದು ತಕರಾರು. ರುಚಿ ನೋಡುವವರು ಡಬ್ಬಿ ತರುವವರು, ತಿನ್ನುವವರು ನಾವು. ಆದ್ದರಿಂದ ಪುಸ್ತಕದಲ್ಲಿ ಆಹಾರ ಮಂತ್ರಿಯ ಸಹಿಗೂ ಒಂದು ಅಂಕಣ ಇರಬೇಕು. ಹೆಡ್‌ಮೇಷ್ಟ್ರು ಈ ಬೇಡಿಕೆಗೆ ಏನಂದರೆಂದು ಕೇಳಿದೆ. "ನಕ್ಕರು" ಅಂದರು ಮಂತ್ರಿಗಳು, ಬಹಳ ಗಂಭೀರವಾಗಿ.

ಮೊಟ್ಟೆಯ ಬಗ್ಗೆ ದೊಡ್ಡವರು ಟಿ.ವಿ.ಯಲ್ಲಿ ಎಷ್ಟು ವರ್ಷ ಜಗಳವಾಡಿದರೋ ಲೆಕ್ಕವಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಸೇರಿ ಸರ್ಕಾರ ವಾರಕ್ಕೆ ಆರೂ ದಿನ ಮೊಟ್ಟೆ ಅಂದಿತು. ಮಂತ್ರಿಗಳಿಗೆ ಈ ಜಗಳದಲ್ಲಿ ಆಸಕ್ತಿಯಿಲ್ಲ. ಅವರ ದೃಷ್ಟಿ ಪೂರ್ತಿ ಸಿಪ್ಪೆಯ ಮೇಲೆ. ಬೇಯಿಸಿದ ಮೊಟ್ಟೆಯನ್ನು ಕೂಡಲೇ ತಣ್ಣೀರಿಗೆ ಹಾಕದಿದ್ದರೆ ಸಿಪ್ಪೆಯ ಜೊತೆ ಅರ್ಧ ಬಿಳಿ ಎದ್ದು ಬರುತ್ತದೆ, ಒಂದನೇ ಕ್ಲಾಸಿನ ಮಕ್ಕಳಿಗೆ ಕೊನೆಗೆ ಗೋಲಿಯಷ್ಟು ಹಳದಿ ಮಾತ್ರ ಉಳಿಯುತ್ತದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮನೆಯವರು ಬಾಳೆಹಣ್ಣು ಎಂದು ಬರೆಸಿದ್ದರೂ ಕೆಲವರು ಮೊಟ್ಟೆಯ ಸಾಲಿನಲ್ಲಿ ನಿಲ್ಲುತ್ತಾರಂತೆ. ಯಾರೆಂದು ಕೇಳಿದರೆ ಮಂತ್ರಿಗಳು ಬಾಯಿ ಬಿಡುವುದಿಲ್ಲ. "ಪ್ರಮಾಣವಚನದಲ್ಲಿ ಗುಟ್ಟು ಕಾಪಾಡ್ತೀನಿ ಅಂತ ಓದಿದ್ದೀನಲ್ಲ ಮಾಮ." ನಿಜವಾದ ಮಂತ್ರಿಗಳಲ್ಲೂ ಇಷ್ಟು ನಿಷ್ಠೆ ಅಪರೂಪ.

ಬ್ಯಾಗಿನ ವಿಷಯ ಇನ್ನೊಂದು ದೊಡ್ಡ ಪ್ರಕರಣ. 2019ರ ಸರ್ಕಾರಿ ಸುತ್ತೋಲೆಯ ಪ್ರಕಾರ ಆರರಿಂದ ಎಂಟನೇ ತರಗತಿಯವರ ಬ್ಯಾಗು 3ರಿಂದ 4 ಕೆ.ಜಿ. ಮೀರಬಾರದು. ಸುತ್ತೋಲೆಯ ಸುದ್ದಿ ಕಟಿಂಗ್ ಶಾಪಿನ ಹಳೇ ಪೇಪರಿನಲ್ಲಿ ಇವರ ಕಣ್ಣಿಗೆ ಬಿತ್ತು. ಸಂಜೆಯೇ ಕೊಬ್ಬರಿ ಮಂಡಿಗೆ ಹೋಗಿ ಬ್ಯಾಗನ್ನು ತಕ್ಕಡಿಗೆ ಏರಿಸಿದರು. ಐದೂ ಕಾಲು ಕೆ.ಜಿ. ಬಂತು. ಮಂತ್ರಿಗಳ ಮುಖ ಅರಳಿತು. ತಪ್ಪು ಸಿಕ್ಕಿದಾಗ ಅರಳುವ ಮುಖ ಅದು. ಗುಮಾಸ್ತರು ಅನುಭವಸ್ಥರು, ಇಂಥ ಮೂಟೆಗಳನ್ನು ನೋಡಿದವರು. "ಬಿಚ್ಚಿ, ಸರಕು ನೋಡೋಣ" ಅಂದರು. ಪಠ್ಯಪುಸ್ತಕ, ಇನ್ನೂರು ಪೇಜಿನ ನೋಟ್‌ಬುಕ್ಕು, ಕಂಪಾಸ್ ಬಾಕ್ಸು, ಸರಿ. ಆಮೇಲೆ ಹೊರಬಿದ್ದದ್ದು: ಟ್ರ್ಯಾಕ್ಟರಿನ ಒಂದು ಬೇರಿಂಗು, ಸತ್ತ ಬ್ಯಾಟರಿ ಸೆಲ್ಲು ನಾಲ್ಕು, ಒಂದು ಹಿಡಿ ಹುಣಸೆಕಾಯಿ, ಮೊಳೆಯಿಲ್ಲದ ಬುಗುರಿ, ಹೋದ ವರ್ಷದ ಸಮಾಜ ವಿಜ್ಞಾನ.

"ಇದು ಕಲಬೆರಕೆ ಮಾಲು" ಎಂದು ಗುಮಾಸ್ತರು ತೀರ್ಪಿತ್ತರು.

ಮಂತ್ರಿಗಳು ಸೋಲಲಿಲ್ಲ. ಸುತ್ತೋಲೆಯಲ್ಲಿ ಬ್ಯಾಗಿನ ತೂಕ ಎಂದಿದೆಯೇ ಹೊರತು ಒಳಗೆ ಏನಿರಬೇಕೆಂದು ಹೇಳಿಲ್ಲ. ಅದೂ ಅಲ್ಲದೆ ಕೊಬ್ಬರಿ ತೂಗುವಾಗ ಚೀಲದ ತೂಕ ಕಳೆಯುತ್ತೀರಿ, ನಮಗೂ ಖಾಲಿ ಬ್ಯಾಗಿನ ತೂಕ ಕಳೆಯಿರಿ ಅಂದರು. ಕಳೆದರೆ ತಮ್ಮ ದೂರೇ ದುರ್ಬಲವಾಗುತ್ತದೆ ಎನ್ನುವುದು ಅವರಿಗೆ ಹೊಳೆಯುವಷ್ಟರಲ್ಲಿ ಗುಮಾಸ್ತರು ಕಳೆದುಬಿಟ್ಟಿದ್ದರು. ಬೇರಿಂಗನ್ನು ಯಾಕೆ ಹೊರುತ್ತೀರಿ ಎಂದು ನಾನು ಆಮೇಲೆ ಕೇಳಿದೆ. ಇನ್ನೊಂದು ಸಿಕ್ಕಿದರೆ ಗಾಡಿ ಆಗುತ್ತದಂತೆ. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ದಿನ, ಸಂಭ್ರಮ ಶನಿವಾರ. ಆ ದಿನ ಬೇರಿಂಗು ಚಡ್ಡಿಯ ಜೇಬಿನಲ್ಲಿ ಬರುತ್ತದೆ, ಚಡ್ಡಿ ಒಂದು ಕಡೆಗೆ ಜೋತಿರುತ್ತದೆ.

ಪ್ರಾಜೆಕ್ಟ್ ಕೆಲಸದ ಬಗ್ಗೆ ಅವರ ನಿಲುವು ಸರಳ. ಚಾರ್ಟ್ ಅಂಗಡಿಯದು, ಅಂಟಿಸುವವಳು ಅಮ್ಮ, ಹುಡುಕಿ ಪ್ರಿಂಟ್ ತೆಗೆಯುವವನು ಸೈಬರ್ ಸೆಂಟರಿನವನು. ನ್ಯಾಯವಾಗಿ ಸೈಬರ್ ಸೆಂಟರಿನವನು ಇಡೀ ತಾಲ್ಲೂಕಿಗೆ ಫಸ್ಟ್ ಬರಬೇಕು, ಅವನು ನೋಡಿದರೆ ಪಿಯುಸಿ ಫೇಲು.

ಪರೀಕ್ಷೆಯ ಮಾತು ಬಂತೆಂದರೆ ಮಂತ್ರಿಗಳು ಸ್ವಲ್ಪ ಎತ್ತರವಾಗುತ್ತಾರೆ. ಕಾರಣವಿದೆ. "ಐದನೇ ಕ್ಲಾಸಲ್ಲಿ ಇರೋವಾಗ್ಲೇ ನನ್ನ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು ಮಾಮ." ಇದೂ ಸುಳ್ಳಲ್ಲ. 2024ರ ಮಾರ್ಚ್‌ನಲ್ಲಿ ಐದು, ಎಂಟು, ಒಂಬತ್ತನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಪರೀಕ್ಷೆ ಇಟ್ಟರಲ್ಲ. ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಅಂದಿತು, ಮಾರನೇ ದಿನವೇ ವಿಭಾಗೀಯ ಪೀಠ ಆಗಲಿ ಅಂದಿತು, 11ರಂದು ಪರೀಕ್ಷೆ ಶುರುವಾಯಿತು, 12ಕ್ಕೆ ಸುಪ್ರೀಂ ಕೋರ್ಟ್ ತಡೆಯಿತು. ಮಕ್ಕಳು ಪೆನ್ನಿನ ಮುಚ್ಚಳ ಹಾಕಿ ಆಡಲು ಹೋದರು. ಆಮೇಲೆ ಹೈಕೋರ್ಟ್ ಮತ್ತೆ ನಡೆಸಿ ಅಂದು, 25ರಿಂದ ಉಳಿದ ಪೇಪರು ಬರೆಸಿದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ಇಷ್ಟನ್ನೂ ಮಂತ್ರಿಗಳು ತಾರೀಖಿನ ಸಮೇತ ಹೇಳುತ್ತಾರೆ. ಪಾಣಿಪತ್ ಯುದ್ಧದ ಇಸವಿ ಕೇಳಿದರೆ ಆಕಾಶ ನೋಡುತ್ತಾರೆ. ಅವರ ಅಕ್ಕ ಆಗ ಎಂಟನೇ ಕ್ಲಾಸು, ಅವಳೂ ಅದೇ ಪ್ರಕರಣದವಳು. ಆದರೆ ಮೊದಲನೇ ಕಕ್ಷಿದಾರರು ತಾವೇ ಎಂದು ಇವರ ವಾದ.

"ಇವತ್ತಿನವರೆಗೂ ನನ್ನ ಮೇಲೆ ತೀರ್ಪು ಬಂದಿಲ್ಲ."

"ಬಂದಿದ್ರೆ ಲೆಕ್ಕದಲ್ಲಿ ಎಷ್ಟು ಅಂತ ಊರಿಗೇ ಗೊತ್ತಾಗ್ತಿತ್ತು" ಅಂದಳು ಅಕ್ಕ, ಒಳಗಿನಿಂದ.

2025-26ರಿಂದ ಎಸ್ಸೆಸ್ಸೆಲ್ಸಿಗೆ ಪಾಸಿನ ಗೆರೆ 35ರಿಂದ 33ಕ್ಕೆ ಇಳಿಯಿತು. ಒಟ್ಟು 625ಕ್ಕೆ 206 ಬರಬೇಕು. ಅಕ್ಕನಿಗೆ ಇದರಿಂದ ಆಗುವುದೇನೂ ಇಲ್ಲ, ಅವಳು ಅರ್ಧ ಮಾರ್ಕ್ಸ್ ಹೋದರೆ ಊಟ ಬಿಡುವವಳು. ಮಂತ್ರಿಗಳು ಮಾತ್ರ ಇದನ್ನು ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ದೃಷ್ಟಿಯಿಂದ ನೋಡುತ್ತಾರೆ. ಕೇಳದೇನೇ ಎರಡು ಬಿಟ್ಟಿದ್ದಾರೆ ಅಂದಮೇಲೆ ಚೌಕಾಸಿ ಮಾಡಿದರೆ ಇನ್ನೂ ಇಳಿಯುತ್ತದೆ. ತಮ್ಮ ಸರದಿಗೆ ಮೂರು ವರ್ಷವಿದೆ, ಅವಸರವಿಲ್ಲ.

ಅಕ್ಕ ಹೈಸ್ಕೂಲಿಗೆ ತಿಪಟೂರಿಗೆ ಬಸ್ಸಿನಲ್ಲಿ ಹೋಗುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ಸೊನ್ನೆ. ಅಜ್ಜಿಯೂ ಇದೇ ಟಿಕೆಟ್ಟಿನಲ್ಲಿ ಧರ್ಮಸ್ಥಳ ನೋಡಿ ಬಂದರು. ಜೊತೆಗೆ ಹೋದ ಮಂತ್ರಿಗಳಿಗೆ ಅರ್ಧ ಚಾರ್ಜು ಬಿತ್ತು. ಕುಟುಂಬದಲ್ಲಿ ದುಡ್ಡು ಕೊಟ್ಟು ದೇವರನ್ನು ನೋಡಿದವರು ತಾವೊಬ್ಬರೇ ಎಂದು ಆಮೇಲೆ ಬಹಳ ದಿನ ಹೇಳಿಕೊಂಡು ತಿರುಗಿದರು.

ಮಕ್ಕಳು ಹೀಗೆ ಮಾತಾಡಿದರೆ ನಮ್ಮಲ್ಲಿ ತಲೆಹರಟೆ ಅನ್ನುತ್ತಾರೆ. ನಾನು ಇದನ್ನೇ ವಾರಕ್ಕೊಮ್ಮೆ ಬರೆದರೆ ಅಂಕಣ, ಪತ್ರಿಕೆಯವರು ಚೂರುಪಾರು ದುಡ್ಡೂ ಕೊಡುತ್ತಾರೆ. ಈ ವ್ಯತ್ಯಾಸ ಮಂತ್ರಿಗಳ ಗಮನಕ್ಕೆ ಬರುವುದು ಬೇಡ.

ಇಷ್ಟೆಲ್ಲ ಗೊತ್ತಿದ್ದರಿಂದಲೇ ಅರ್ಧವಾರ್ಷಿಕ ಪರೀಕ್ಷೆಯ ಕನ್ನಡ ಪೇಪರು ನೋಡಿದಾಗ ನನಗೆ ಖುಷಿಯಾಯಿತು. ಕೊನೆಯ ಪ್ರಶ್ನೆ: ಶಾಲೆಯ ಬಿಸಿಯೂಟದ ಬಗ್ಗೆ ನಿಮ್ಮ ಅಭಿಪ್ರಾಯ ಬರೆಯಿರಿ. ಐದು ಅಂಕ. ಇಡೀ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೇಳಿ ಮಾಡಿಸಿದ ಹುಡುಗ ಇವನೊಬ್ಬನೇ ಅಂದುಕೊಂಡು (ಖುಷಿಯಲ್ಲಿ ಬಹುವಚನ ತಪ್ಪಿತು) ಅವರಮ್ಮ ತಂದು ತೋರಿಸಿದ ಉತ್ತರಪತ್ರಿಕೆ ಬಿಡಿಸಿದೆ.

ದುಂಡಗಿನ ಅಕ್ಷರದಲ್ಲಿ, ಎಡಗಡೆ ಅಂಚು ಬಿಟ್ಟು, ಮೂರು ಶೀರ್ಷಿಕೆ ಹಾಕಿ ಅಡಿಗೆರೆ ಎಳೆದಿತ್ತು. ಪೀಠಿಕೆ: ಆಹಾರವು ಮನುಷ್ಯನ ಮೂಲಭೂತ ಅವಶ್ಯಕತೆಗಳಲ್ಲಿ ಒಂದಾಗಿದೆ. ವಿಷಯ ನಿರೂಪಣೆ: ಕರ್ನಾಟಕದಲ್ಲಿ ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ಆರಂಭವಾಯಿತು, ಇದರಿಂದ ಮಕ್ಕಳ ಹಾಜರಾತಿ ಹೆಚ್ಚಿದೆ, ಜಾತಿ ಭೇದ ಮರೆತು ಸಹಪಂಕ್ತಿಯಲ್ಲಿ ಕುಳಿತು ಉಣ್ಣುವುದರಿಂದ ಭ್ರಾತೃತ್ವ ಬೆಳೆಯುತ್ತದೆ. ಉಪಸಂಹಾರ: ಒಟ್ಟಿನಲ್ಲಿ ಹೇಳುವುದಾದರೆ ಇದೊಂದು ಮಹತ್ವಾಕಾಂಕ್ಷೆಯ ಯೋಜನೆಯಾಗಿದೆ.

ಗಂಟಿಲ್ಲ. ಸಿಪ್ಪೆಯಿಲ್ಲ. ಚಿಕ್ಕಕ್ಕನ ಬಸ್ಸಿಲ್ಲ. ಐದಕ್ಕೆ ನಾಲ್ಕೂವರೆ.

"ಏನಿದು ಮಂತ್ರಿಗಳೇ?"

"ಗೈಡಲ್ಲಿತ್ತು ಮಾಮ."

"ಅದು ಗೈಡ್ ಬರೆದವನ ಅಭಿಪ್ರಾಯ. ನಿಮ್ಮದು?"

ಮಂತ್ರಿಗಳು ನನ್ನನ್ನು ನೋಡಿದ ರೀತಿ, ಮಳೆಯಲ್ಲಿ ಕೊಡೆ ಮಡಿಸಿಕೊಂಡು ಹೋಗುವವನನ್ನು ನೋಡಿದ ಹಾಗಿತ್ತು. "ನಂದು ಬರೆದ್ರೆ ಮಾರ್ಕ್ಸ್ ಹೋಗುತ್ತೆ. ನಿಮ್ಮ ಅಭಿಪ್ರಾಯ ಅಂತ ಕೇಳಿದ್ರೆ ಇದನ್ನೇ ಬರೀಬೇಕು, ಎಲ್ಲರಿಗೂ ಇದೇ ಅಭಿಪ್ರಾಯ. ನಾವು ಇಪ್ಪತ್ಮೂರು ಜನ ಇದನ್ನೇ ಬರೆದಿದ್ದೀವಿ."

"ಗಂಟಿನ ವಿಷಯ?"

"ಅದು ಪೀಠಿಕೆಗೂ ಬರಲ್ಲ, ಉಪಸಂಹಾರಕ್ಕೂ ಬರಲ್ಲ."

ಅರ್ಧ ಅಂಕ ಕಳೆದದ್ದು ಯಾಕೆಂದು ಕೇಳಿದೆ. 'ಮಹತ್ವಾಕಾಂಕ್ಷೆ'ಯಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತಂತೆ. ಆ ಬಗ್ಗೆ ಅವರಿಗೆ ಬೇಸರವಿರಲಿಲ್ಲ. ಮಾತಾಡುವಾಗ ಆ ಶಬ್ದವನ್ನು ಯಾರೂ ಬಳಸಿದ್ದು ತಾವು ಕೇಳಿಲ್ಲ, ಆದ್ದರಿಂದ ಅದು ಪರೀಕ್ಷೆಗೆಂದೇ ಮಾಡಿಟ್ಟ ಶಬ್ದ ಎಂದರು.

ಹಾಗಾಗಿ ನವೆಂಬರಿನ ಮಕ್ಕಳ ಗ್ರಾಮಸಭೆಗೆ ನಾನು ಹೋದದ್ದು ದೊಡ್ಡ ನಿರೀಕ್ಷೆಯಿಟ್ಟುಕೊಂಡೇನಲ್ಲ. ಪಂಚಾಯಿತಿ ಮುಂದೆ ಶಾಮಿಯಾನ, ಮೈಕು, ಪ್ಲಾಸ್ಟಿಕ್ ಕುರ್ಚಿ. ವೇದಿಕೆಯ ಮೇಲೆ ಅಧ್ಯಕ್ಷರು, ಪಿಡಿಒ ಸಾಹೇಬರು, ಅಂಗನವಾಡಿ ಟೀಚರು, ಆಶಾ ಕಾರ್ಯಕರ್ತೆ. ಮಕ್ಕಳು ತಮ್ಮ ಕುಂದುಕೊರತೆಯನ್ನು ತಾವೇ ಹೇಳಿಕೊಳ್ಳಬೇಕು, ಪಂಚಾಯಿತಿ ಉತ್ತರ ಕೊಡಬೇಕು, ಸಭೆಯ ಉದ್ದೇಶವೇ ಅದು. ಮಕ್ಕಳಿಗೆ ಕಷ್ಟವಾಗಬಾರದೆಂದು ಅವರ ಕುಂದುಕೊರತೆಗಳನ್ನು ಮೇಷ್ಟ್ರೇ ಹಿಂದಿನ ದಿನ ಚೀಟಿಯಲ್ಲಿ ಬರೆದು ಹಂಚಿದ್ದರು. ಒಂದೊಂದೇ ಮಗು ಬಂದು, ಚೀಟಿ ಓದಿ, ಮೈಕಿಗೆ ನಮಸ್ಕಾರ ಹಾಕಿ ಹೋಗುತ್ತಿತ್ತು. ಪಿಡಿಒ "ಪರಿಶೀಲಿಸಲಾಗುವುದು" ಅನ್ನುತ್ತಿದ್ದರು. ಬಿಸಿಲು ಏರುತ್ತಿತ್ತು. ಹಿಂದಿನ ಸಾಲಿನಲ್ಲಿ ಬಿಸ್ಕತ್ತಿನ ಪ್ಯಾಕೆಟ್ ಹಂಚುವ ಸದ್ದು ಕೇಳಿ ಮುಂದಿನ ಸಾಲಿನವರ ಕುತ್ತಿಗೆಗಳು ತಿರುಗಿದವು.

ಮಂತ್ರಿಗಳ ಸರದಿ ಬಂತು. ಚೀಟಿ ತೆಗೆದು, ಒಂದು ಕಾಮಾ ಬಿಡದೆ ಓದಿದರು: "ಮಾನ್ಯರೇ, ನಮ್ಮ ಶಾಲೆಗೆ ಅಗತ್ಯ ಮೂಲಸೌಕರ್ಯಗಳನ್ನು ಕಲ್ಪಿಸಿಕೊಡಬೇಕೆಂದು ತಮ್ಮಲ್ಲಿ ಸವಿನಯವಾಗಿ ಪ್ರಾರ್ಥಿಸಿಕೊಳ್ಳುತ್ತೇನೆ."

"ಪರಿಶೀಲಿಸಲಾಗುವುದು. ಮುಂದೆ" ಅಂದರು ಪಿಡಿಒ.

ಮಂತ್ರಿಗಳು ಹೋಗಲಿಲ್ಲ. ಚೀಟಿ ಮಡಿಸಿ ಜೇಬಿಗಿಟ್ಟು, ಕೈ ಹಿಂದೆ ಕಟ್ಟಿಕೊಂಡರು. "ಅದು ಮೇಷ್ಟ್ರ ಪ್ರಶ್ನೆ ಸಾರ್. ಈಗ ನಂದು."

ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. ಪಿಡಿಒ ಕೈ ಸನ್ನೆ ಮಾಡಿ ಕೂರಿಸಿದರು.

"ಹುಡುಗಿಯರ ಶೌಚಾಲಯದ ಮೇಲೆ ಟ್ಯಾಂಕ್ ಇದೆ. ಒಳಗೆ ನಲ್ಲಿ ಇದೆ. ಎರಡರ ಮಧ್ಯ ಪೈಪ್ ಇಲ್ಲ. ಬೋರ್ಡಲ್ಲಿ ಕಾಮಗಾರಿ ಪೂರ್ಣಗೊಂಡಿದೆ ಅಂತ ಬರೆದಿದೆ."

ಶಾಮಿಯಾನದ ಒಳಗೆ ಬಿಸ್ಕತ್ತಿನ ಸದ್ದೂ ನಿಂತಿತು. ಪಿಡಿಒ ಸಾಹೇಬರು ಪಕ್ಕದವರನ್ನು ಏನೋ ಕೇಳಿದರು, ಪಕ್ಕದವರು ಅವರ ಪಕ್ಕದವರನ್ನು ಕೇಳಿದರು. ಕೊನೆಗೆ ಮೈಕಿನಲ್ಲಿ, ಸ್ವಲ್ಪ ತಮಾಷೆಯಾಗಿಯೇ, "ಆಯ್ತಪ್ಪ, ಎಷ್ಟು ಬೇಕಾಗುತ್ತೆ ಪೈಪು?" ಅಂದರು.

"ಇಪ್ಪತ್ತೆರಡು ಅಡಿ. ಎಲ್ಬೋ ಎರಡು, ಗೇಟ್ ವಾಲ್ವ್ ಒಂದು, ಗಮ್ ಒಂದು ಸಣ್ಣ ಡಬ್ಬಿ. ದಾರ ಹಿಡಿದು ಅಳೆದಿದ್ದೀನಿ. ಒಂದಿಂಚಿಂದು ಸಾರ್."

ಪಿಡಿಒ ಬರೆದುಕೊಂಡರು. ಬೆಳಗಿನಿಂದ ಅವರು ಪೆನ್ನು ತೆಗೆದದ್ದು ಅದೇ ಮೊದಲು. ಶೌಚಾಲಯ ಸ್ವಚ್ಛತಾ ಮಂತ್ರಿಯ ಖಾತೆಗೆ ಬರುವಂಥದ್ದು, ನೀವು ಹೇಗೆ ಕೇಳಿದಿರಿ ಎಂದು ದಾರಿಯಲ್ಲಿ ವಿಚಾರಿಸಿದೆ. ಆ ಮಂತ್ರಿ ಅಂದೂ ಗೈರುಹಾಜರಂತೆ.

ಪೈಪು ಬಂದಿದೆ. ಡಿಸೆಂಬರ್ ಮುಗಿಯುವುದರೊಳಗೇ ಬಂತು, ನಮ್ಮ ಪಂಚಾಯಿತಿಯ ವೇಗಕ್ಕೆ ಅದು ಪವಾಡ. ಪೈಪು ಮುಕ್ಕಾಲಿಂಚಿನದು, ಎಲ್ಬೋ ಒಂದಿಂಚಿನದು. ಈ ಬಗ್ಗೆ ಮಂತ್ರಿಗಳಿಗೆ ಅಭಿಪ್ರಾಯವಿದೆ, ಗೈಡಿನಲ್ಲಿ ಇಲ್ಲದ್ದು. ಎಲ್ಬೋ ಒಂದನ್ನು ಬೇರಿಂಗಿನ ಜೊತೆಗೆ ಬ್ಯಾಗಿನೊಳಗೆ ಹಾಕಿಕೊಂಡು, ನಿನ್ನೆ ಶಾಲೆ ಬಿಟ್ಟ ಮೇಲೆ ಪಂಚಾಯಿತಿ ಆಫೀಸಿನ ಕಡೆ ಹೋದರು. ಪಿಡಿಒ ಸಾಹೇಬರು ಹಿಂದಿನ ಬಾಗಿಲಿನಿಂದ ಫೀಲ್ಡಿಗೆ ಹೋದರೆಂದು ಪೋಸ್ಟ್‌ಮ್ಯಾನ್ ಹೇಳುತ್ತಿದ್ದರು.